ಇಳಿಜಾರಿನ ಹರಕೆ

ಫೆಬ್ರವರಿ 22, ಬೂದಿ ಬುಧವಾರ

ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದೆ. ನನ್ನ ಗಂಡ ಗೋರ್ಯೋ ಇವತ್ತೂ ದೇವಾಲಯಕ್ಕೆ ಬರಲಿಲ್ಲ. ಜನವರಿಯ ಮೂರು ರಾಯರ ಹಬ್ಬದ ಮರುದಿನ ಲಕ್ವ ಹೊಡೆದ ಮೇಲೆ ಅವನು ಆಡಿದ ಮಾತುಗಳನ್ನೆಲ್ಲ ಪೋಣಿಸಿದರೆ ಒಂದು ಜಪಸರ ತುಂಬುವುದಿಲ್ಲ. ಕಾಲು ಸರಿಹೋಯಿತು, ಬಾಯಿ ಸರಿಹೋಯಿತು. ಬಲಗೈ ಮಾತ್ರ ಸಂತೆಯಲ್ಲಿ ಮಾರಾಟವಾಗದೆ ಉಳಿದ ಮೀನಿನ ಹಾಗೆ ಮಡಿಲಲ್ಲಿ ಬಿದ್ದಿರುತ್ತದೆ. ಈ ಗುಡ್ಡದ ಬುಡದಲ್ಲಿ ನಮ್ಮ ಮದುವೆಗೂ ಮುಂಚಿನಿಂದ ಪಂಕ್ಚರ್ ಹಾಕುತ್ತಿದ್ದ ಕೈ ಅದು. ಹಿಸುಕುತ್ತಿರು ಎಂದು ಆಸ್ಪತ್ರೆಯವರು ಕೊಟ್ಟ ರಬ್ಬರ್ ಚೆಂಡನ್ನು ಪಕ್ಕದ ಮನೆಯ ನಾಯಿಗೆ ಎಸೆದುಬಿಟ್ಟ. ಎಡಗೈಯಲ್ಲಿ ಎಸೆದ. ನಾಯಿಗೆ ಬಹಳ ಸಂತೋಷವಾಯಿತು.

ಅದಕ್ಕೇ ಇವತ್ತು ಕ್ರಿಸ್ತನ ತಾಯಿ ವ್ಯಾಕುಲ ಮಾತೆಯ ಮುಂದೆ ಹರಕೆ ಹೊತ್ತೆ. ತಾಯಿ, ಈ ನಲವತ್ತು ದಿನದ ತಪಸ್ಸುಕಾಲದ ಒಂದೊಂದು ಶುಕ್ರವಾರವೂ ಕಷ್ಟಪಟ್ಟು ಶಿಲುಬೆಗುಡ್ಡ ಹತ್ತುತ್ತೇನೆ, ಗೋರ್ಯೋನ ಕೈ ಅವನಿಗೆ ವಾಪಸ್ ಕೊಡು ಎಂದೆ. ಜೋರಾಗಿಯೇ ಹೇಳಿದೆನೆಂದು ಕಾಣುತ್ತದೆ, ಹಿಂದಿನ ಬೆಂಚಿನಲ್ಲಿ ಪುರಿಂಗ್ ಕೆಮ್ಮಿದಳು. ಗಾಜಿನ ಪೆಟ್ಟಿಗೆಯಲ್ಲಿ ಮಲಗಿರುವ ಕ್ರಿಸ್ತನ ಪ್ರತಿಮೆಯನ್ನು ನೋಡಿಕೊಳ್ಳುವುದು ಅವಳ ಅಜ್ಜಿಯ ಕಾಲದಿಂದ ಅವರ ಮನೆಯವರೇ. ಆ ಪೆಟ್ಟಿಗೆಯ ಬೀಗದ ಕೈಯನ್ನು ಸ್ವರ್ಗದ ಬೀಗದ ಕೈ ಎನ್ನುವ ಹಾಗೆ ಕೊರಳಲ್ಲಿ ಹಾಕಿಕೊಂಡು ತಿರುಗುತ್ತಾಳೆ.

“ಈ ಮೊಣಕಾಲು ಇಟ್ಕೊಂಡಾ, ಇಸ್ಯಾಂಗ್? ದೇವಾಲಯದ ಬಾಗಿಲಿಗಿಂತ ಜೋರಾಗಿ ಕಿರುಗುಟ್ಟುತ್ತೆ.”

“ಕಿರುಗುಟ್ಟಲಿ ಬಿಡು. ನಾನು ಬರ್ತಿರೋದು ದೇವರಿಗೂ ಗೊತ್ತಾಗ್ಲಿ.”

ಫೆಬ್ರವರಿ 24, ಶುಕ್ರವಾರ

ಹತ್ತಿದೆ. ಪ್ರಭು ಶಿಲುಬೆ ಹೊತ್ತು ನಡೆದದ್ದನ್ನು ತೋರಿಸುವ ಶಿಲುಬೆ ಹಾದಿಯ ಹದಿನಾಲ್ಕು ಸ್ಥಳಗಳಲ್ಲೂ ನಿಂತು ಪ್ರಾರ್ಥಿಸಿದೆ. ಹತ್ತುವಾಗ ಮೊಣಕಾಲು ಸಂತನ ಹಾಗೆ ಸುಮ್ಮನಿತ್ತು. ಇಳಿಯುವಾಗ ತನ್ನ ನಿಜವಾದ ಗುಣ ತೋರಿಸಿತು. ಅರ್ಧ ದಾರಿ ಕೂತುಕೊಂಡೇ ಜಾರಿದೆ. ಮೆಟ್ಟಿಲ ಪಕ್ಕದ ಕೆಂಪು ಮಣ್ಣಿನ ಜಾಡಿನಲ್ಲಿ ಗುಡ್ಡದ ಸೈಕಲ್ಲಿನ ಹುಡುಗರು ದೊಡ್ಡಿಯಿಂದ ಬಿಟ್ಟ ಆಡುಗಳ ಹಾಗೆ ನನ್ನನ್ನು ದಾಟಿ ಹೋದರು. ಸಂತೆಯಲ್ಲಿ ಮೀನು ಮಾರುವ ಬೆನ್‌ಹೂರ್ ಒಬ್ಬನೇ ನಿಂತ.

“ನಾನಾಯ್, ಏನಿದು ಕುಂಡೆ ಮೇಲೆ ಇಳೀತಿದೀರಿ?”

“ಹರಕೆ ಕಣೋ.”

“ಕುಂಡೆ ಹರಕೆ ಇದೇ ಮೊದಲ್ನೇ ಸಲ ಕೇಳ್ತಿರೋದು.”

ನನ್ನನ್ನು ಅಮ್ಮ ಎಂದು ಕರೆಯುವವನ ಬಾಯಲ್ಲಿ ಎಂಥ ಮಾತು! ತಪಸ್ಸುಕಾಲವಲ್ಲದಿದ್ದರೆ ಚಪ್ಪಲಿ ಎಸೆಯುತ್ತಿದ್ದೆ.

ಫೆಬ್ರವರಿ 27

ಮೊಣಕಾಲು ಪರಂಗಿಹಣ್ಣಿನಷ್ಟಾಗಿದೆ. ಆರೋಗ್ಯ ಕೇಂದ್ರದ ಡಾಕ್ಟರಮ್ಮ ಹತ್ತಬಹುದು, ಆದರೆ ನಡೆದು ಇಳಿಯಲೇಬಾರದು ಎಂದರು. ಇಳಿಯದೆ ಅಲ್ಲೇ ಗುಡಿಸಲು ಹಾಕಿಕೊಳ್ಳಲೇ? ಬೆನ್‌ಹೂರ್ ಒಂದು ಉಪಾಯ ಹೇಳಿದ. “ಸೈಕಲ್ ತಳ್ಕೊಂಡು ಹತ್ತಿ ನಾನಾಯ್. ಊರೋಕೆ ಕೋಲೂ ಆಯ್ತು, ಹೊರೋಕೆ ಭಾರವೂ ಆಯ್ತು. ಬರೋವಾಗ ಕೂತ್ಕೊಂಡು, ಬ್ರೇಕ್ ಹಿಡ್ಕೊಂಡು, ಮೆಲ್ಲಗೆ ಬನ್ನಿ.” ಚಿಕ್ಕವಳಿದ್ದಾಗ ಅಪ್ಪನ ಸೈಕಲ್ಲಿನಲ್ಲಿ ಮನೆಮನೆಗೆ ಬ್ರೆಡ್ ಹಾಕಿದವಳು ನಾನು. ಮರೆತಿರಲಾರೆ.

ನಮ್ಮ ಪಂಕ್ಚರ್ ಅಂಗಡಿಯ ಹಿಂದಿನ ಗೋಡೆಯ ಕೊಕ್ಕೆಯಲ್ಲಿ ಹಸಿರು ಬಣ್ಣದ ಗುಡ್ಡದ ಸೈಕಲ್ ಒಂದು ನೇತಾಡುತ್ತಿದೆ. ರಿಪೇರಿಗೆ ಬಿಟ್ಟವನು ಹಡಗಿನ ಕೆಲಸಕ್ಕೆ ಹೋಗಿ, ಇನ್ನು ಬೇಡ, ನೀವೇ ಇಟ್ಟುಕೊಳ್ಳಿ ಎಂದು ಹೇಳಿ ಕಳಿಸಿದ್ದ. ತೆಗೆದುಕೊಳ್ಳಲಾ ಎಂದು ಗೋರ್ಯೋನನ್ನು ಕೇಳಿದೆ. ಗೋಡೆಯ ಕಡೆ ತಿರುಗಿದ. ಆಗಲಿ ಎಂದು ಅರ್ಥ ಮಾಡಿಕೊಂಡೆ.

ಮಾರ್ಚ್ 3, ಶುಕ್ರವಾರ

ಬೆರಳ ಸಂದಿಯಲ್ಲಿ ಇನ್ನೂ ಕೆಸರು, ಅಕ್ಷರವೆಲ್ಲ ಸೊಟ್ಟ.

ಬೆಳಿಗ್ಗೆ ಸೈಕಲ್ಲಿಗೆ ಆಶೀರ್ವಾದ ಆಗಬೇಕಿತ್ತು. ಪಾದ್ರಿ ಮೆಲ್ಚೋರ್ ಊರಲ್ಲಿರಲಿಲ್ಲ. ಗೋರ್ಯೋನ ಕೈಗೆ ದಿನಾ ತಿಕ್ಕುವ, ದೇವಾಲಯದಲ್ಲಿ ಆಶೀರ್ವದಿಸಿಕೊಟ್ಟ ಎಣ್ಣೆ ಮನೆಯಲ್ಲೇ ಇತ್ತಲ್ಲ. ಹ್ಯಾಂಡಲ್ಲಿಗೆ ಒಂದು ಶಿಲುಬೆ ಗುರುತು, ಸೀಟಿಗೊಂದು, ಎರಡು ಚಕ್ರಗಳಿಗೂ ಸುತ್ತಲೂ. ಅಪಾಯ ಇರುವುದು ಬ್ರೇಕಿನಲ್ಲಿ ತಾನೇ? ಅದಕ್ಕೇ ಬ್ರೇಕಿನ ನಾಲ್ಕು ರಬ್ಬರ್ ತುಂಡುಗಳಿಗೂ ಎರಡೆರಡು ಹನಿ ಹೆಚ್ಚಾಗಿಯೇ ಹಾಕಿದೆ.

ಹತ್ತುವುದು ಬಹಳ ಚೆನ್ನಾಗಿ ಆಯಿತು. ಅಂದರೆ ಬಹಳ ಕಷ್ಟವಾಯಿತು. ಬಿಸಿಲು, ಬೆವರು, ಕಣಕಾಲಿಗೆ ಹೊಡೆಯುವ ಪೆಡಲ್. ತೃಪ್ತಿಯಾಯಿತು. ಮೇಲೆ ದೊಡ್ಡ ಶಿಲುಬೆಯ ಬಳಿ ಪ್ರಾರ್ಥನೆ ಮುಗಿಸಿ ಸೈಕಲ್ ಹತ್ತಿ ಕೂತೆ. ಬ್ರೇಕ್ ಹಿಡಿದೆ. ನಾನು ಹಿಡಿದೆ, ಅದು ಹಿಡಿಯಲಿಲ್ಲ.

ಶಿಲುಬೆ ಹಾದಿಯನ್ನು ನಾನು ಹುಟ್ಟಿದಾಗಿನಿಂದ ಮುಂದಕ್ಕೆ ನಡೆದಿದ್ದೇನೆ. ಇವತ್ತು ಹಿಂದಕ್ಕೆ ಬಂದೆ. ಸಮಾಧಿಯಿಂದ ಶುರು. ಶಿಲುಬೆಯಿಂದ ಇಳಿಸಿದ್ದು ಹೋಯಿತು, ಮೊಳೆ ಹೊಡೆದದ್ದು ಹೋಯಿತು, ಮೂರನೇ ಸಲ ಬಿದ್ದದ್ದು ಹೋಯಿತು, ಜೆರುಸಲೇಮಿನ ಹೆಂಗಸರು ನನ್ನನ್ನೇ ನೋಡಿ ಅತ್ತಂತೆ ಕಂಡಿತು, ವೆರೋನಿಕಮ್ಮ ಪ್ರಭುವಿನ ಮುಖ ಒರೆಸುವ ಕಡೆ ನನ್ನ ಮುಖಕ್ಕೆ ಇಡೀ ಒಂದು ಜೇಡರ ಬಲೆ. ಅರ್ಧ ‘ನಮೋ ಮರಿಯಾ’ ಜಪ ಮುಗಿಯುವುದರೊಳಗೆ ಮೊದಲನೇ ಸ್ಥಳದ ಪಿಲಾತನ ನ್ಯಾಯಸ್ಥಾನವನ್ನೂ ದಾಟಿ, ಬೇಲಿಯ ಸಂದಿನಲ್ಲಿ ತೂರಿ, ಎಮ್ಮೆ ಹೊಂಡದಲ್ಲಿ ಎದೆಮಟ್ಟ ಕೆಸರಿನಲ್ಲಿ ಕೂತಿದ್ದೆ. ಎಮ್ಮೆ ಮೆಲುಕು ಹಾಕುವುದನ್ನು ನಿಲ್ಲಿಸಿ ನನ್ನನ್ನು ನೋಡಿತು. ಯಾರೋ ಹೆಂಗಸು ಹುಚ್ಚು ಹಿಡಿದವಳ ಹಾಗೆ ನಗುತ್ತಿದ್ದಳು. ಎಮ್ಮೆಯಂತೂ ಅಲ್ಲ.

ಮಾರ್ಚ್ 4

ಗೋರ್ಯೋ ಮಾತಾಡಿದ!

“ಬ್ರೇಕಿಗೆ ಎಣ್ಣೆನಾ? ಲೇ, ಬ್ರೇಕಿಗೆ ಎಣ್ಣೆನಾ?”

“ಆಶೀರ್ವಾದದ ಎಣ್ಣೆ ಕಣ್ರೀ.”

“ಪರಲೋಕದಿಂದ ಸಂತ ಪೇತ್ರನೇ ಇಳಿದು ಬಂದು ಹಾಕಿದ್ರೂ ಎಣ್ಣೆ ಎಣ್ಣೇನೇ! ಪಂಕ್ಚರ್ ಅಂಗಡಿಯವನ ಹೆಂಡ್ತಿ ಬ್ರೇಕಿಗೆ ಎಣ್ಣೆ ಬಿಟ್ಳು ಅಂದ್ರೆ ನಾನು ಊರಲ್ಲಿ ತಲೆ ಎತ್ತೋದು ಹೇಗೆ?”

ಇಷ್ಟು ದಿನ ಬಿಟ್ಟು ಬಾಯಿ ತೆರೆದವನು ಬೈಯುವುದಕ್ಕೇ ತೆರೆದ. ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಲು ಹೇಳಿ, ಬಲ ಅಂಗೈಯನ್ನು ಕಲ್ಲು ಇಟ್ಟ ಹಾಗೆ ಚಕ್ರದ ಮೇಲೆ ಒತ್ತಿಟ್ಟುಕೊಂಡು, ಎಡಗೈಯಲ್ಲಿ ಉಪ್ಪುಕಾಗದ ಹಿಡಿದು ಊಟದ ಹೊತ್ತಿನವರೆಗೂ ಉಜ್ಜಿದ. ಕೆಸರು ತೊಳೆದ ಕೆಂಪು ನೀರೆಲ್ಲ ನಾನು ಆಗ ತಾನೇ ಒರೆಸಿದ ನೆಲಕ್ಕೆ. ಗಂಡಸರಿಗೆ ನೆಲ ಕಾಣುವುದೇ ಇಲ್ಲ.

ಮಾರ್ಚ್ 10, ಶುಕ್ರವಾರ

ಈ ಸಲ ಮೆಲ್ಲಗೆ ಇಳಿಯಬೇಕೆಂದು ನಿರ್ಧಾರ ಮಾಡಿಯೇ ಹೋದೆ. ಬ್ರೇಕ್ ಈಗ ಕೋಪಗೊಂಡ ಅತ್ತೆಯ ಹಾಗೆ ಹಿಡಿಯುತ್ತದೆ. ಹತ್ತನೇ ಸ್ಥಳದವರೆಗೆ ಮೆಲ್ಲಗೇ ಬಂದೆ. ಅಲ್ಲಿಂದ ಜಾಡು ನೇರವಾಗಿ, ಉದ್ದಕ್ಕೆ, ಎರಡೂ ಕಡೆ ಆಳೆತ್ತರದ ಹುಲ್ಲಿನ ನಡುವೆ, ಬಾ ಎಂದು ಕರೆಯುವ ಹಾಗೆ ಬಿದ್ದಿತ್ತು. ಬೆರಳುಗಳು ತಾವಾಗಿಯೇ ಬ್ರೇಕ್ ಬಿಟ್ಟವು. ನಾನು ಬಿಡಲಿಲ್ಲ. ಬೆರಳುಗಳು ಬಿಟ್ಟವು.

ಒಂಬತ್ತನೇ ಸ್ಥಳದ ತಿರುವಿನಲ್ಲಿ ಹುಲ್ಲು ಮಾತಾಡಿತು.

“ನಾನಾಯ್! ನಿಲ್ಲಿ! ವಾಪಸ್ ಹತ್ತಿ, ಇನ್ನೊಂದ್ಸಲ ಬನ್ನಿ!”

ಆಟೋ ಓಡಿಸುವ ದಪ್ಪ ಓಯೆತ್. ವಾರದಲ್ಲೆರಡು ಸಂಜೆ ಇಲ್ಲಿ ಹೊಟ್ಟೆಯ ಮೇಲೆ ಮಲಗಿ, ಇಳಿದು ಬರುವ ಸವಾರರ ಫೋಟೊ ತೆಗೆಯುತ್ತಾನೆ. ಆ ತಿರುವಿನಲ್ಲಿ ಮೂರನೇ ಸಲ ಬಿದ್ದ ಪ್ರಭು ಮಾತ್ರವಲ್ಲ, ಎಲ್ಲರೂ ಬೀಳುತ್ತಾರೆ. ಬಿದ್ದವರೇ ಅವನಿಂದ ಹೆಚ್ಚು ಫೋಟೊ ಕೊಳ್ಳುವುದಂತೆ.

“ನಾನು ತಪಸ್ಸು ಮಾಡ್ತಿದೀನಿ ಕಣೋ.”

“ತಪಸ್ಸು ಮಾಡೋರು ‘ಯಾಹೂ’ ಅಂತ ಕಿರುಚ್ತಾರಾ?”

“ಯಾರು ಕಿರುಚಿದ್ದು?”

“ನಾನಂತೂ ಅಲ್ಲಪ್ಪ. ಬೇಗ ಹತ್ತಿ, ಬೆಳಕು ಈಗ ಜೇನಿನ ಹಾಗಿದೆ, ಹತ್ತು ನಿಮಿಷಕ್ಕೆ ಹೋಗ್ಬಿಡುತ್ತೆ!”

ಯೋಚಿಸಿದೆ. ಎರಡು ಸಲ ಹತ್ತಿದರೆ ಎರಡು ಪಾಲು ತಪಸ್ಸು, ತಪ್ಪೇನಿಲ್ಲ. ಹತ್ತಿದೆ. ಮೂರನೇ ಸಲವೂ ಹತ್ತಿದೆ. ಸವಾರ ಬರುವ ವೇಗಕ್ಕೆ ಸರಿಯಾಗಿ ಕ್ಯಾಮೆರಾವನ್ನೂ ತಿರುಗಿಸುತ್ತ ಹೋಗಬೇಕು, ಆಗ ಹುಲ್ಲೆಲ್ಲ ಗೆರೆಗೆರೆಯಾಗಿ ಹರಿದು ಮುಖ ಒಂದೇ ನಿಲ್ಲುತ್ತದೆ ಎಂದು ಓಯೆತ್ ತೋರಿಸಿಕೊಟ್ಟ. ಹುಲ್ಲೇನೋ ಹೊಳೆಯಂತೆ ಚೆನ್ನಾಗಿ ಹರಿದಿತ್ತು. ನನ್ನ ಬಾಯಿ ಬೆಕ್ಕಿನ ಮರಿ ತೂರುವಷ್ಟು ತೆರೆದಿತ್ತು. ಅಳಿಸು ಎಂದೆ. ಅಳಿಸಿದೆ ಎಂದ.

ಮಾರ್ಚ್ 12, ಭಾನುವಾರ

ಪಾಪನಿವೇದನೆಗೆ ಹೋದೆ. ಮನಸ್ಸಿಗೆ ನಾಟಿದ ಮುಳ್ಳು ಇದು. ಕಷ್ಟಪಡುತ್ತೇನೆ ಎಂದು ಮಾತು ಕೊಟ್ಟವಳು ಸುಖಪಟ್ಟರೆ ಹರಕೆ ಸಲ್ಲುತ್ತದೆಯೇ? ಸಲ್ಲದಿದ್ದರೆ ಗೋರ್ಯೋನ ಕೈ ಗತಿಯೇನು?

ಪಾದ್ರಿ ಮೆಲ್ಚೋರ್ ಜಾಲರಿಯ ಆಚೆಯಿಂದ ಕಿವಿ ಹತ್ತಿರ ತಂದರು.

“ಹರಕೆಯಲ್ಲಿ ಏನಂತ ಹೇಳಿದ್ದೆ? ಇದ್ದದ್ದನ್ನ ಇದ್ದ ಹಾಗೆ ಹೇಳು.”

“ಕಷ್ಟಪಟ್ಟು ಹತ್ತುತ್ತೇನೆ ಅಂತ, ಫಾದರ್.”

“ಇಳಿಯೋದರ ಬಗ್ಗೆ?”

“ಏನೂ ಹೇಳಿರ್ಲಿಲ್ಲ.”

“ಹಾಗಿದ್ರೆ ಇಳಿಯೋದು ನಿನಗೂ ಗುಡ್ಡಕ್ಕೂ ಬಿಟ್ಟಿದ್ದು. ಮುಂದಿನವರನ್ನ ಕಳಿಸು. ಮತ್ತೆ ಇಸ್ಯಾಂಗ್, ಹೆಲ್ಮೆಟ್ ಹಾಕ್ಕೋತಿದೀಯಾ?”

ಸಮಾಧಾನವಾಗಲಿಲ್ಲ. ವಯಸ್ಸು ಚಿಕ್ಕದು, ಪಾದ್ರಿಗಳು ಈಗೀಗ ಎಲ್ಲದಕ್ಕೂ ಸಡಿಲ. ಹೊರಗೆ ಪುರಿಂಗ್ ಹೇಳಿದ್ದೇ ಸರಿ ಎನಿಸಿತು. “ನಗ್ತಾ ತೀರ್ಸೋ ಹರಕೆ ಒಡೆದ ಹಾಲಿನ ಹಾಗೆ ಕಣೇ. ಕಾಯಿಸಿದೆ ಅಂತ ಹೇಳ್ಬಹುದು, ಕುಡಿಯೋಕಾಗಲ್ಲ.”

ಮಾರ್ಚ್ 17, ಶುಕ್ರವಾರ

ಸುಖವನ್ನು ತಗ್ಗಿಸುವ ದಾರಿ ಹುಡುಕಿದೆ. ಸಾರಿಗೆ ನೆನೆಸಬೇಕಿದ್ದ ಹೆಸರುಕಾಳನ್ನು ಎರಡು ಹಿಡಿ ಶೂಗಳಲ್ಲಿ ಸುರಿದುಕೊಂಡೆ. ಬೆನ್ನಿಗೆ ಅರ್ಧ ಮೂಟೆ ಅಕ್ಕಿ. ಹತ್ತುವಾಗ ಕಣ್ಣಲ್ಲಿ ನೀರು ಬಂತು, ದೇವರಿಗೆ ಸ್ತೋತ್ರ ಹೇಳಿದೆ.

ಭಾರ ಹೆಚ್ಚಾದರೆ ಇಳಿಯುವಾಗ ವೇಗವೂ ಹೆಚ್ಚಾಗುತ್ತದೆ ಎಂದು ಯಾರೂ ನನಗೆ ಹೇಳಿರಲಿಲ್ಲ. ಅಕ್ಕಿ ಹಿಂದಿನಿಂದ ದೂಡಿತು. ಅಯ್ಯೋ ತಾಯಿ! ಬೆನ್‌ಹೂರ್‌ನನ್ನು ಹಿಂದೆ ಹಾಕಿದೆ. ಅವನು “ನಾನಾಯ್, ಮಳಿಗೆ ದೋಚಿದ್ರಾ?” ಎಂದು ಕೂಗಿದ್ದು ಗಾಳಿಯಲ್ಲಿ ಹೋಯಿತು. ಹೆಸರುಕಾಳು ಬೆವರಿಗೆ ನೆನೆದು ಮೆತ್ತಗಾಗಿ ಪಾದಕ್ಕೆ ಹಾಸಿಗೆಯಂತಿತ್ತು.

ಕೆಳಗೆ ಬಂದಾಗ ಹಿಂದಿನ ಟೈರಿನ ಗಾಳಿ ಹೋಗಿತ್ತು.

ಮಾರ್ಚ್ 21

ಪಂಕ್ಚರ್ ಹಾಕುವುದು ಕಲಿತೆ. ಟ್ಯೂಬನ್ನು ಬೇಸಿನ್ನಿನ ನೀರಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿಂದ ಬರುತ್ತದೆ ನೋಡಬೇಕು. ಅಲ್ಲಿ ಉಜ್ಜಿ, ಹಸಿ ರಬ್ಬರ್ ಇಟ್ಟು, ಕಬ್ಬಿಣದ ಇಕ್ಕಳದಲ್ಲಿ ಬಿಗಿದು, ಮೇಲಿನ ಬಟ್ಟಲಲ್ಲಿ ಸೀಮೆಎಣ್ಣೆ ಉರಿಸಬೇಕು. ಉರಿದು ಮುಗಿಯುವಷ್ಟು ಹೊತ್ತು ಸುಮ್ಮನೆ ಕೂರಬೇಕು. ಈ ಸುಮ್ಮನೆ ಕೂರುವ ಹೊತ್ತಿನಲ್ಲಿ ಗೋರ್ಯೋ ಮಾತಾಡುತ್ತಾನೆ. ಯಾವ ಟೈರಿಗೆ ಎಂಥ ಮಣ್ಣು ಹಿಡಿಸುತ್ತದೆ, ಒದ್ದೆ ಬೇರಿನ ಮೇಲೆ ಯಾಕೆ ಬ್ರೇಕ್ ಒತ್ತಬಾರದು, ಎಲ್ಲ. ಅವನು ಸೈಕಲ್ ಬಿಡುವುದನ್ನು ನಾನು ಒಂದು ದಿನವೂ ನೋಡಿಲ್ಲ. ಹೇಗೆ ಗೊತ್ತು ಎಂದು ಕೇಳಿದೆ. “ಟೈರ್ ಹೇಳುತ್ತೆ” ಎಂದ.

ಚಕ್ರದ ಕಡ್ಡಿ ಬಿಗಿಮಾಡುವುದು ಮಾತ್ರ ನನಗೆ ಬಗ್ಗಲಿಲ್ಲ. “ಆ ಕಡೆ ಅಲ್ವೇ, ಈ ಕಡೆ! ಕಾಲು ಸುತ್ತು ಅಂದ್ರೆ ಕಾಲು ಸುತ್ತು, ನೀನೇನು ಬಾವಿ ರಾಟೆ ಎಳೀತಿದೀಯಾ? ಕೊಡಿಲ್ಲಿ!” ಎಂದು ಕಡ್ಡಿ ಕೀಲಿಯನ್ನು ಕಿತ್ತುಕೊಂಡು ತಾನೇ ತಿರುಗಿಸಿದ. ಒಂದು ಕೈಯಲ್ಲಿ ಕಡ್ಡಿ ಹಿಡಿದು ಒಂದು ಕೈಯಲ್ಲಿ ತಿರುಗಿಸಿ, ಮೂರು ಸಲ ಕೆಳಗೆ ಬೀಳಿಸಿ, ಮೂರು ಸಲವೂ ನನ್ನನ್ನೇ ಬೈದ. ಬೀಳಿಸಿದವನು ಅವನು, ಬೈಗುಳ ನನಗೆ!

ಮಲಗುವ ಮುಂಚೆ ಎಣ್ಣೆ ತಿಕ್ಕುವಾಗ ಬಲಗೈ ಎಂದಿನ ಹಾಗೇ ಸತ್ತ ಮೀನು. ನಿಲ್ಲಿಸಿದೆ. ಕಣ್ಣು ಮುಚ್ಚಿಕೊಂಡೇ “ಇನ್ನೂ ಸ್ವಲ್ಪ” ಎಂದ. ತಾಯಿ, ನಿನಗೆ ಕೇಳಿಸುತ್ತಿದೆ ತಾನೇ?

ಮಾರ್ಚ್ 24, ಶುಕ್ರವಾರ

ಬಿದ್ದೆ! ಒಂಬತ್ತನೇ ಸ್ಥಳದಲ್ಲೇ! ಮೊಣಕೈ ತರಚಿತು, ಗಲ್ಲ ತರಚಿತು. ನಿಜವಾದ ನೋವು. ಹರಕೆಗೆ ಸಲ್ಲುತ್ತದೆ ಎಂದು ಎಷ್ಟು ಸಂತೋಷವಾಯಿತೆಂದರೆ ನೋವು ಗೊತ್ತಾಗಲೇ ಇಲ್ಲ. ಆಮೇಲೆ ನೆನಪಾಯಿತು, ಗೊತ್ತಾಗದ ನೋವು ಸಲ್ಲುತ್ತದೋ ಇಲ್ಲವೋ.

ಮಾರ್ಚ್ 31, ಶುಕ್ರವಾರ

ಹತ್ತಿದೆ, ಇಳಿದೆ. ನಾಲ್ಕು ಸಲ.

ಏಪ್ರಿಲ್ 2, ಗರಿಗಳ ಭಾನುವಾರ

ಪುರಿಂಗ್ ತೆಂಗಿನ ಗರಿ ಬೀಸಿಕೊಂಡು ಎಲ್ಲರೆದುರಿಗೇ ಕೇಳಿದಳು. “ಏನೇ, ಶುಭ ಶುಕ್ರವಾರನೂ ಹಾರ್ತೀಯಾ? ದೇವರು ಸತ್ತಿರೋ ದಿನ ಕೋಳಿ ಕೂಡ ಕೂಗಲ್ಲ.”

ಆ ದಿನ ನಗಬಾರದು, ಗುಡಿಸಬಾರದು, ಮೂರು ಗಂಟೆಯ ಮೇಲೆ ಸ್ನಾನವೂ ಕೂಡದು. ನಮ್ಮಜ್ಜಿ ಆ ದಿನ ಮಕ್ಕಳನ್ನು ಮರ ಹತ್ತಲೂ ಬಿಡುತ್ತಿರಲಿಲ್ಲ, ಆದ ಗಾಯ ಮಾಯುವುದಿಲ್ಲವೆಂದು. ನನಗೆ ಇದೆಲ್ಲ ಪುರಿಂಗ್ ಹೇಳಿಕೊಡಬೇಕೇ?

ಮಧ್ಯಾಹ್ನವೆಲ್ಲ ಹೊರಳಾಡಿ ಒಂದು ತೀರ್ಮಾನಕ್ಕೆ ಬಂದೆ. ಬೇರೆಯವರು ಮರದ ಶಿಲುಬೆ ಹೊರುತ್ತಾರೆ, ನಾನು ಬರಿಗಾಲಲ್ಲಿ ಸೈಕಲ್ ತಳ್ಳಿಕೊಂಡು ಹತ್ತುತ್ತೇನೆ. ತಳ್ಳಿಕೊಂಡೇ ಇಳಿಯುತ್ತೇನೆ. ಮೊಣಕಾಲು ಹೋದರೆ ಹೋಗಲಿ. ನನ್ನ ಹತ್ತಿರ ದೇವರಿಗೆ ಕೊಡುವಂಥದ್ದು ಆ ಇಳಿಜಾರು ಬಿಟ್ಟರೆ ಬೇರೇನಿದೆ?

ಗೋರ್ಯೋಗೆ ಹೇಳಿದೆ. “ಬ್ರೇಕ್ ಕೇಬಲ್ ಬದಲಾಯ್ಸಿದೀನಿ. ಹೊಸದು” ಎಂದ. ಇವನಿಗೆ ನಾನು ಹೇಳುವುದು ಒಂದೂ ಕೇಳಿಸುವುದಿಲ್ಲ.

ಏಪ್ರಿಲ್ 7, ಶುಭ ಶುಕ್ರವಾರ

ಸ್ವಾಮಿ, ಕ್ಷಮಿಸು. ಮೊದಲಿನಿಂದ ಬರೆಯುತ್ತೇನೆ.

ಊರೆಲ್ಲ ಕಪ್ಪು ಬಟ್ಟೆಯಲ್ಲಿ ಮೆಟ್ಟಿಲು ಹತ್ತುತ್ತಿತ್ತು. ಗಂಟೆಯಿಲ್ಲ, ಮರದ ತಾಳದ ಟಕಟಕ ಮಾತ್ರ. ನಾನು ಬರಿಗಾಲಲ್ಲಿ, ಹೆಲ್ಮೆಟ್ಟಿನ ಮೇಲೆ ಕಪ್ಪು ಮುಸುಕು ಹೊದ್ದು, ಜಾಡಿನಲ್ಲಿ ಸೈಕಲ್ ತಳ್ಳಿದೆ. ಕಾದ ಕಲ್ಲು ಪಾದ ಸುಟ್ಟಿತು. ಒಂದು ಸಲವೂ ಖುಷಿಯಾಗಲಿಲ್ಲ. ಮೇಲೆ ಪುರಿಂಗ್ ಪ್ರಭುವಿನ ಪಾಡುಗಳ ಹಾಡು ಹಾಡಿಸಿದಳು, ದನಿ ಚೆನ್ನಾಗಿದೆ, ಸುಳ್ಳು ಹೇಳಬಾರದು. ಪ್ರಭು ಪ್ರಾಣ ಬಿಟ್ಟ ಮೂರು ಗಂಟೆಯ ಮೌನದಲ್ಲಿ ತಾಯಿಗೆ ಹೇಳಿದೆ: ಇಳಿಯುವ ಸುಖ ನಿನಗೇ ಬಿಟ್ಟೆ, ಅವನ ಕೈ ಕೊಡು. ಬಿಡುವಾಗ ಹ್ಯಾಂಡಲ್ಲನ್ನು ಇನ್ನೊಂದು ಸಲ ಸವರಿದೆ. ಸಂಕಟ ನಿಜವಾದದ್ದು, ಈ ಸಲ ಸಲ್ಲುತ್ತದೆ ಎಂದು ಎದ್ದೆ.

ಆಗಲೇ ಪುರಿಂಗ್‌ಳ ಫೋನು ಬಡಿದುಕೊಂಡಿತು. ಕೆಳಗಿನಿಂದ ಪಾದ್ರಿ ಮೆಲ್ಚೋರ್. ಅವರ ದನಿ ನನಗೂ ಕೇಳಿಸಿತು. “ಪುರಿಂಗಮ್ಮ, ಪ್ರಭು ಪೆಟ್ಟಿಗೆಯೊಳಗೇ ಇದ್ದಾರೆ! ಬೀಗ ಹಾಕಿದೆ!”

ಪುರಿಂಗ್ ಎದೆ ಮುಟ್ಟಿ ನೋಡಿಕೊಂಡಳು. ಕೀ ಕೊರಳಲ್ಲೇ ಇತ್ತು. ಬೆಳಿಗ್ಗೆ ಪೆಟ್ಟಿಗೆ ತೆರೆದು, ಪ್ರಭುವಿಗೆ ಕೂದಲು ಬಾಚಿ, ಅಲಂಕಾರ ಮಾಡಿ, ಮೆರವಣಿಗೆಯ ರಥಕ್ಕೆ ಎತ್ತಲು ಗಂಡಸರಿಗೆ ಒಪ್ಪಿಸಬೇಕಾದವಳು, ದಿನದ ಅಭ್ಯಾಸದ ಮೇಲೆ ಬೀಗ ಜಡಿದು ಬಂದಿದ್ದಾಳೆ! ಮೆಟ್ಟಿಲ ತುಂಬ ಜನ. ಕತ್ತಲಾಗುವ ಮುಂಚೆ ಅವಳು ಕೆಳಗೆ ಮುಟ್ಟುವುದು ಸುಳ್ಳು. ಮೆರವಣಿಗೆ ತಪ್ಪಿದರೆ ಮೂರು ತಲೆಮಾರಿನ ಮಾನ ಹೋದಂತೆ.

ಅವಳು ನನ್ನನ್ನು ನೋಡಿದಳು. ಸೈಕಲ್ಲನ್ನು ನೋಡಿದಳು.

“ಇಸ್ಯಾಂಗ್.”

“ಆಗಲ್ಲ ಪುರಿಂಗ್. ಈಗ ತಾನೇ ಮಾತು ಕೊಟ್ಟೆ.”

“ಯಾರಿಗೆ?”

“ತಾಯಿಗೆ.”

“ಮಗ ಕೆಳಗೆ ಬೀಗದೊಳಗಿದಾನೆ ಕಣೇ! ಯಾವ ತಾಯಿ ಬೇಡ ಅಂತಾಳೆ? ಹೋಗು! ಹಾರು!” ಎಂದು ಕೀ ದಾರವನ್ನು ನನ್ನ ಕೊರಳಿಗೆ ಹಾಕಿ, ಬೆನ್ನಿಗೆ ಕೈಕೊಟ್ಟು ತಳ್ಳಿಯೇಬಿಟ್ಟಳು.

ಹೋದೆ. ನಗಬಾರದೆಂದು ಕೀಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೆ. ಪ್ರಭುವಿನ ಐದು ಗಾಯಗಳನ್ನು ಒಂದೊಂದಾಗಿ ನೆನೆದೆ. ಹದಿಮೂರನೇ ಸ್ಥಳ, ಹನ್ನೆರಡು, ಹನ್ನೊಂದು, ಅಳುವ ಮುಖದಲ್ಲೇ ಬಂದೆ. ಹತ್ತರ ಇಳಿಜಾರಿನಲ್ಲಿ ಗಾಳಿ ಮುಸುಕಿನೊಳಗೆ ಹೊಕ್ಕು ಅದನ್ನು ಹಾಯಿಯ ಹಾಗೆ ಉಬ್ಬಿಸಿತು. ಸೈಕಲ್ಲಿನ ಕೆಳಗಿನ ಮಣ್ಣು ಇಲ್ಲವಾಯಿತು. ಎರಡು ಚಕ್ರಗಳೂ ಗಾಳಿಯಲ್ಲಿ. ಮೆಟ್ಟಿಲಿನ ಮೇಲೆ ಕಪ್ಪು ಬಟ್ಟೆಯ ಇಡೀ ಊರು 'ಆ' ಎಂದು ನನ್ನತ್ತ ತಿರುಗಿತ್ತು. ಕೀ ಹಲ್ಲಿನಿಂದ ಜಾರಿತು. ಆಮೇಲೆ ನನ್ನೊಳಗಿಂದ ಬಂದದ್ದು ಏನೆಂದು ಹೇಗೆ ಬರೆಯಲಿ? ಅದು ಬರಿಯ ನಗುವಲ್ಲ. ಪ್ರಭು ಎದ್ದೇಳುವ ಪಾಸ್ಖ ಹಬ್ಬದ ಗಂಟೆ ಎರಡು ದಿನ ಮುಂಚೆಯೇ ಬಡಿದ ಹಾಗಿತ್ತು. ಒಂಬತ್ತನೇ ಸ್ಥಳದಲ್ಲಿ, ಭಕ್ತರ ಫೋಟೊ ತೆಗೆಯಲು ದೇವಾಲಯದವರೇ ನಿಲ್ಲಿಸಿದ್ದ ಓಯೆತ್ ಕ್ಯಾಮೆರಾ ತಿರುಗಿಸಿದ್ದು ಕಂಡಿತು. ಚಕ್ರ ನೆಲ ಮುಟ್ಟಿತು, ಬೀಳಲಿಲ್ಲ.

ಪಾದ್ರಿ ಬಾಗಿಲಲ್ಲೇ ನಿಂತಿದ್ದರು. ಕೀ ಕೊಟ್ಟೆ. ಪ್ರಭು ರಥವೇರಿದರು, ಮೆರವಣಿಗೆ ಹೊತ್ತಿಗೆ ಸರಿಯಾಗಿ ಹೊರಟಿತು. ನಾನು ಮೇಣದಬತ್ತಿ ಹಿಡಿದು ಹಿಂದೆ ನಡೆದೆ, ದಾರಿಯುದ್ದಕ್ಕೂ ಅತ್ತೆ. ನೋಡಿದವರೆಲ್ಲ ಭಕ್ತಿ ಎಂದುಕೊಂಡರು. ಅತ್ತದ್ದು ಗೋರ್ಯೋನ ಕೈಗಾಗಿ. ದೇವರು ಸತ್ತಿರುವ ಹೊತ್ತಿನಲ್ಲಿ, ಕೊಟ್ಟ ಮಾತು ತುಟಿಯಲ್ಲಿ ಒಣಗುವ ಮುಂಚೆ, ನಾನೇ ನಕ್ಕು ಕೆಡಿಸಿದೆ.

ಏಪ್ರಿಲ್ 8, ಶನಿವಾರ

ಓಯೆತ್ ಫೋಟೊ ಹಾಕಿದ್ದಾನೆ. ಊರಿನ ಎಲ್ಲ ಫೋನುಗಳಲ್ಲೂ ನಾನಿದ್ದೇನೆ. ಕಪ್ಪು ಮುಸುಕು ರೆಕ್ಕೆಯ ಹಾಗೆ, ಬರಿಗಾಲು, ಕೊರಳಲ್ಲಿ ಹಾರುವ ಕೀ, ಕಿರುನಾಲಿಗೆಯೂ ಕಾಣುವ ಬಾಯಿ. ಹಿಂದೆ ಊರೆಲ್ಲ ಗೆರೆಗೆರೆಯಾಗಿ ಹರಿಯುತ್ತಿದೆ.

ಪುರಿಂಗ್ ಓಡಿ ಬಂದಳು. ಬೈಗುಳಕ್ಕೆ ತಲೆ ಬಗ್ಗಿಸಿ ನಿಂತೆ. “ಕೀ ಎಷ್ಟು ಚೆನ್ನಾಗಿ ಬಂದಿದೆ ನೋಡೇ!” ಎಂದಳು. “ದೊಡ್ಡದು ಮಾಡಿಸಿ ಪೆಟ್ಟಿಗೆ ಪಕ್ಕ ಹಾಕ್ತೀನಿ. ಬಾಯಿ ಮಾತ್ರ ಕತ್ತರಿಸೋಕೆ ಹೇಳ್ಬೇಕು.”

ಗೋರ್ಯೋಗೆ ತೋರಿಸಲು ಹೆದರಿಕೆ. ಅವನೇ ಫೋನ್ ಕೇಳಿದ. ಎಡಗೈಯಲ್ಲಿ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳು ತೋರುಬೆರಳನ್ನು ಗಾಜಿನ ಮೇಲಿಟ್ಟು ಹಿಗ್ಗಿಸಿ ಹಿಗ್ಗಿಸಿ ನೋಡಿದ, ಕುಗ್ಗಿಸಿದ, ಮತ್ತೆ ಹಿಗ್ಗಿಸಿದ. ಬಹಳ ಹೊತ್ತು ಅವನ ಕಣ್ಣು ನನ್ನ ಮುಖವಿದ್ದ ಕಡೆಯೇ ನಿಂತಿತು.

“ಸೀಟು ತಗ್ಗಾಯ್ತು,” ಎಂದ. “ಹಿಂದಿನ ಚಕ್ರ ಓಲಾಡ್ತಿದೆ.”

ನನ್ನ ಹರಕೆ ಮುರಿದು ಬಿದ್ದಿದೆ, ಇವನಿಗೆ ಸೀಟಿನ ಚಿಂತೆ! ಅಡುಗೆಮನೆಗೆ ಹೋಗಿ ತೆಂಗಿನಹಾಲಿನ ಪಾಯಸ ಕಲಕಿದೆ, ತಳ ಹತ್ತಿತು.

ಏಪ್ರಿಲ್ 9, ಪಾಸ್ಖ ಭಾನುವಾರ

ಪ್ರಭು ಎದ್ದರು, ಅಲ್ಲೆಲೂಯಾ. ನಸುಕಿನಲ್ಲಿ ಗಂಡಸರು ಎದ್ದುಬಂದ ಕ್ರಿಸ್ತನ ಪ್ರತಿಮೆಯನ್ನು ಒಂದು ಬೀದಿಯಿಂದ ತಂದರು, ನಾವು ಹೆಂಗಸರು ಕಪ್ಪು ಮುಸುಕಿನ ತಾಯಿಯನ್ನು ಇನ್ನೊಂದು ಬೀದಿಯಿಂದ ತಂದೆವು. ಚೌಕದಲ್ಲಿ ಮುಸುಕು ತೆಗೆದಾಗ ತಾಯಿಯ ಮುಖ ನೋಡಲು ನನಗೆ ನಾಚಿಕೆಯಾಯಿತು. ಆದರೂ ನೋಡಿದೆ. ಸಿಟ್ಟಾದ ಹಾಗೆ ಕಾಣಲಿಲ್ಲ. ಧೈರ್ಯ ಬಂತು, ಅಲ್ಲೇ ಹೊಸ ಒಪ್ಪಂದ ಮಾಡಿಕೊಂಡೆ.

ಮನೆಗೆ ಬಂದರೆ ಗೋರ್ಯೋ ಅಂಗಡಿಯ ಬಾಗಿಲು ಪೂರ್ತಿ ತೆರೆದು, ನನ್ನ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಹಾಡು ಗುನುಗಿಕೊಂಡು ಹಿಂದಿನ ಚಕ್ರದ ಕಡ್ಡಿ ಬಿಗಿಮಾಡುತ್ತಿದ್ದ. ಎರಡೂ ಮೊಣಕೈವರೆಗೆ ಗ್ರೀಸು. ಹಬ್ಬದ ಅಂಗಿಗೂ ಗ್ರೀಸು.

“ಗೋರ್ಯೋ, ಕೇಳಿ. ಶುಕ್ರವಾರ ನಗ್ಬಿಟ್ಟೆ. ಹರಕೆ ಸಲ್ಲಲಿಲ್ಲ.”

“ಹೌದಾ?”

“ಹೌದು. ಅದಕ್ಕೇ ಮತ್ತೆ ಮೊದಲಿಂದ ಶುರು ಮಾಡ್ತೀನಿ ಅಂತ ತಾಯಿಗೆ ಮಾತು ಕೊಟ್ಟಿದೀನಿ. ಪ್ರತಿ ಶುಕ್ರವಾರ.”

“ತಪಸ್ಸುಕಾಲ ಮುಗೀತಲ್ಲೇ.”

“ಮುಗೀಲಿ. ನಿಮ್ಮ ಕೈ ಪೂರ್ತಿ ಸರಿಹೋಗೋ ತನಕ ನಾನು ಗುಡ್ಡ ಬಿಡಲ್ಲ. ಸರಿಹೋದ ದಿನ ಹರಕೆ ತೀರಿತು, ಸೈಕಲ್ ವಾಪಸ್ ಗೋಡೆಗೆ.”

ಗೋರ್ಯೋ ಚಕ್ರ ತಿರುಗಿಸುವುದನ್ನು ನಿಲ್ಲಿಸಿದ. ನನ್ನನ್ನು ನೋಡಿದ. ಗೋಡೆಯ ಖಾಲಿ ಕೊಕ್ಕೆಯನ್ನು ನೋಡಿದ. ಕಡ್ಡಿ ಕೀಲಿಯನ್ನು ಮೆಲ್ಲಗೆ ಕೆಳಗಿಟ್ಟು, ಬಲಗೈಯನ್ನು ಎತ್ತಿ ಪ್ಯಾಂಟಿನ ಜೇಬಿನೊಳಗೆ ಇಳಿಬಿಟ್ಟುಕೊಂಡ.

“ಇನ್ನೂ ಬಹಳ ದಿನ ಹಿಡಿಯುತ್ತೆ ಕಣೇ,” ಎಂದ. “ಬಹಳ ದಿನ.”

ಪಾಪ. ಕಾಫಿಯನ್ನು ಎಡಗೈಯಲ್ಲೇ ಕುಡಿದು ಅರ್ಧ ಎದೆಯ ಮೇಲೆ ಚೆಲ್ಲಿಕೊಂಡ. ಒರೆಸಿದೆ. ಶುಕ್ರವಾರಕ್ಕೆ ಸೀಟು ಎರಡು ಬೆರಳು ಎತ್ತರಿಸಬೇಕು.